ಮಡಿಕೇರಿಯ ಹಳೇ ಪೇಟೆ ಒಡೆದು ಟವರ್ ಕಟ್ಟಿದರೆ ಗುಡ್ಡ ಉಳಿಯುತ್ತಾ?

ಪೇಟೆಮನೆ

ಮೊದಲೇ ಹೇಳಿಬಿಡುತ್ತೇನೆ. ಇದು ಯಾವ ಇಲಾಖೆಯ ಯೋಜನೆಯೂ ಅಲ್ಲ, ಯಾರೂ ಗಾಬರಿ ಆಗಬೇಡಿ. ತಲೆಯಲ್ಲಿ ಕೊರೆಯುತ್ತಿರುವ ಒಂದು ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ.

2018ರ ಆಗಸ್ಟಿನ ಭೂಕುಸಿತ ಆದಮೇಲೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಇಳಿಜಾರಲ್ಲಿ ಕಟ್ಟಬೇಡಿ, ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕೊರೆಯಬೇಡಿ. ಸರಿ, ಒಪ್ಪಿದೆ. ಹಾಗಾದರೆ ಎಲ್ಲಿ ಕಟ್ಟಬೇಕು? ಮಡಿಕೇರಿಯಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ಚೆನ್ನಾಗಿರುವುದೆಲ್ಲ ಹೋಂಸ್ಟೇ ಆಗಿದೆ. ಹೊಸದಾಗಿ ಕೆಲಸಕ್ಕೆ ಬಂದ ನರ್ಸ್, ಮೇಷ್ಟ್ರು, ಬ್ಯಾಂಕಿನವರು ಕುಶಾಲನಗರದಿಂದ ದಿನಾ ಬಸ್ಸಲ್ಲಿ ಓಡಾಡುತ್ತಾರೆ. ಸ್ವಂತ ಮನೆ ಬೇಕು ಅನ್ನುವವರು ಊರಾಚೆ ಎಲ್ಲೋ ಹತ್ತು ಸೆಂಟ್ಸ್ ತಗೊಂಡು ಜೆಸಿಬಿ ತರಿಸುತ್ತಾರೆ. ಮತ್ತೆ ಬರೆ ಕೊರೆಯುವುದೇ ಆಯಿತು.

ಇತ್ತ ಹಳೇ ಪೇಟೆ ನೋಡಿ. ಮಹದೇವಪೇಟೆಯಲ್ಲಿ ರಸ್ತೆಯಿಂದ ನೋಡಿದರೆ ಬೋರ್ಡು, ಗಾಜು, ಲೈಟು. ಕೆಲವು ಅಂಗಡಿಗಳ ಹಿಂದಕ್ಕೆ ಹೋಗಿ ನೋಡಿ. ಮಂಗಳೂರು ಹೆಂಚು, ಅದರ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲು ಹಾರದ ಹಾಗೆ ಕಲ್ಲು ಮತ್ತು ಹಳೇ ಟೈರು. ಮೇಲೆ ಅಟ್ಟ ಖಾಲಿ. ಊರಿನ ನಟ್ಟನಡುವಿನ ಜಾಗ, ಮೇಲೆ ಆಕಾಶ ಸುಮ್ನೆ ಬಿದ್ದಿದೆ.

ಟೋಕಿಯೊದ ಅಜಬುದೈ ಹಿಲ್ಸ್ ಬಗ್ಗೆ ಓದಿದೆ. ಅದೂ ಹೀಗೇ ಏರುತಗ್ಗಿನ ಜಾಗ, ಹಳೇ ಮನೆಗಳು, ಇಕ್ಕಟ್ಟಿನ ಗಲ್ಲಿಗಳು. ಸುಮಾರು 20 ಎಕರೆ. ಅದನ್ನು ತೆಗೆದು 330 ಮೀಟರಿನ ಒಂದು ಟವರ್, ಪಕ್ಕದಲ್ಲಿ ಇನ್ನೆರಡು ಎತ್ತರದ ಕಟ್ಟಡ, ನಡುವೆ ಹಸಿರು ಬಯಲು ಮಾಡಿದ್ದಾರೆ. 2023ರ ನವೆಂಬರಿನಲ್ಲಿ ತೆರೆಯಿತು. ಹಸಿರು ಜಾಗವೇ 24 ಸಾವಿರ ಚದರ ಮೀಟರ್, ಅಂದರೆ ಹೆಚ್ಚುಕಮ್ಮಿ ಆರು ಎಕರೆ.

ನನ್ನ ಪ್ರಶ್ನೆ ಇಷ್ಟೇ. ನೂರು ಮನೆಯನ್ನು ನೂರು ಬರೆಯಲ್ಲಿ ಕೊರೆದು ಕಟ್ಟುವ ಬದಲು, ಪೇಟೆಯಲ್ಲಿ ಒಂದರ ಮೇಲೊಂದು ಕಟ್ಟಿ, ಗುಡ್ಡವನ್ನು ಅದರ ಪಾಡಿಗೆ ಬಿಡಬಾರದಾ?

ಬರೆಬದಿ

ಎರಡಂತಸ್ತಿನ ಮನೆಯೇ ಮಳೆಗಾಲದಲ್ಲಿ ನಿಲ್ಲುವುದಿಲ್ಲ, ಇವರಿಗೆ 330 ಮೀಟರ್ ಬೇಕಂತೆ. ರಾಜಾಸೀಟಿನಲ್ಲಿ ನಿಂತು ಟವರಿನ ಹಿಂದೆ ಸೂರ್ಯ ಮುಳುಗುವುದನ್ನು ನೋಡೋಣ ಬಿಡಿ.

ಪೇಟೆಮನೆ

330 ಮೀಟರ್ ಇಲ್ಲಿ ಕಟ್ಟಿ ಅಂತ ಎಲ್ಲಿ ಬರೆದೆ ಮಾರಾಯ್ರೇ? ಎಂಟು ಮಹಡಿ, ಹತ್ತು ಮಹಡಿ. ಅದು ಆಗುತ್ತಾ ಅಂತ ಗೊತ್ತಿರುವವರು ಹೇಳಲಿ.

ತೂಕದಗುಂಡು

ನಾನು ಸಿವಿಲ್ ಕೆಲಸದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪೇಟೆಮನೆಯವರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಟೋಕಿಯೊ ಬಿಡಿ, ನಮಗೆ ಹೊಂದುವ ಊರು ಹಾಂಗ್‌ಕಾಂಗ್. ಗುಡ್ಡ, ಕಡಿದಾದ ಇಳಿಜಾರು, ಜೋರು ಮಳೆ, ಮೇಲೆ ದಪ್ಪ ಮಣ್ಣು, ಎಲ್ಲವೂ ಇದೆ. ಒಟ್ಟು ಸುಮಾರು 1,100 ಚದರ ಕಿಲೋಮೀಟರ್ ನೆಲ, ಅದರಲ್ಲಿ 75 ಲಕ್ಷ ಜನ. ನಮ್ಮ ಕೊಡಗು 4,102 ಚದರ ಕಿಲೋಮೀಟರ್, 2011ರ ಗಣತಿಯಲ್ಲಿ 5.54 ಲಕ್ಷ ಜನ. ಆದರೂ ಅಲ್ಲಿ ಕಟ್ಟಡ, ರಸ್ತೆ ಎಲ್ಲ ಸೇರಿ ಹಿಡಿದಿರುವುದು ಕಾಲು ಭಾಗ ನೆಲ ಮಾತ್ರ. ನೂರಕ್ಕೆ ಸುಮಾರು 40 ಪಾಲು ರಕ್ಷಿತ ಉದ್ಯಾನ, ಕಾಡು, ಗುಡ್ಡ. ಮೇಲಕ್ಕೆ ಕಟ್ಟಿದ್ದರಿಂದ ಗುಡ್ಡ ಉಳಿಯಿತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಆದರೆ ಅದರ ಇನ್ನೊಂದು ಮುಖವನ್ನೂ ಕೇಳಿ. 1972ರ ಜೂನ್ 18ರಂದು ಒಂದೇ ದಿನ ಅಲ್ಲಿ ಎರಡು ಕಡೆ ಭೂಕುಸಿತ ಆಯಿತು. ಸೌ ಮೌ ಪಿಂಗ್‌ನಲ್ಲಿ 71 ಜನ ಹೋದರು. ಪೋ ಶಾನ್ ರಸ್ತೆಯಲ್ಲಿ 67 ಜನ. ಎರಡನೆಯ ಕಡೆ ಮಣ್ಣು ಬಂದು ಬಹುಮಹಡಿ ವಸತಿ ಕಟ್ಟಡವನ್ನೇ ಬುಡಸಮೇತ ಕೆಡವಿತು. 1976ರಲ್ಲಿ ಸೌ ಮೌ ಪಿಂಗ್‌ನಲ್ಲಿ ಮತ್ತೆ ಕುಸಿಯಿತು. ಆಮೇಲೆ ಬುದ್ಧಿ ಬಂತು. 1977ರಲ್ಲಿ ಇಳಿಜಾರು ನೋಡಿಕೊಳ್ಳುವುದಕ್ಕೆ ಅಂತಲೇ ಸರ್ಕಾರ ಒಂದು ಕಚೇರಿ ತೆರೆಯಿತು. ಇವತ್ತು ಅಲ್ಲಿ ಮನುಷ್ಯ ಕಡಿದ, ಮನುಷ್ಯ ತುಂಬಿಸಿದ ಸುಮಾರು 60 ಸಾವಿರ ಇಳಿಜಾರುಗಳಿಗೆ ನೋಂದಣಿ ಸಂಖ್ಯೆ ಇದೆ. ರಸ್ತೆ ಬದಿಯ ತಡೆಗೋಡೆ ಮೇಲೆ ಸಣ್ಣ ತಗಡಿನ ಫಲಕ ಹೊಡೆದಿರುತ್ತಾರೆ, ಅದರಲ್ಲಿ ನಂಬರ್. ಯಾವ ಬರೆ ಯಾರ ಜವಾಬ್ದಾರಿ ಅಂತ ಕಾಗದದಲ್ಲಿದೆ. ಮಾಲೀಕ ರಿಪೇರಿ ಮಾಡಿಸದಿದ್ದರೆ ನೋಟಿಸ್ ಬರುತ್ತದೆ.

ನಮ್ಮಲ್ಲಿ ಒಂದು ಬರೆಗಾದರೂ ನಂಬರ್ ಇದೆಯಾ? ಮನೆ ಮೇಲಿನವನು ಕೊರೆದ ಬರೆ, ಕೆಳಗಿನವನ ಅಡುಗೆಮನೆಗೆ ಬಂದು ಬಿದ್ದರೆ ಜಗಳ ಯಾರ ಜೊತೆ ಆಡಬೇಕು ಅನ್ನುವುದೂ ಗೊತ್ತಿಲ್ಲ.

ಈಗ ಹತ್ತು ಮಹಡಿಯ ವಿಷಯ. ಕಟ್ಟುವುದಕ್ಕೆ ಆಗುತ್ತದೆ. ಬಂಡೆ ಸಿಗುವವರೆಗೆ ಪೈಲ್, ಅಂದರೆ ಅಡಿಪಾಯದ ಕಂಬ, ಇಳಿಸಬೇಕು. ನಮ್ಮ ಮಣ್ಣಿನ ಗುಣ ನಿಮಗೆ ಗೊತ್ತು. ಬೇಸಿಗೆಯಲ್ಲಿ ಗುದ್ದಲಿ ಬಾಗುತ್ತದೆ, ಆಷಾಢ ಕಳೆಯುವಷ್ಟರಲ್ಲಿ ಟೀಯಲ್ಲಿ ಅದ್ದಿದ ರಸ್ಕ್. ಬಂಡೆ ಒಂದು ಮೂಲೆಯಲ್ಲಿ ಹತ್ತಿರ ಸಿಗುತ್ತದೆ, ಇನ್ನೊಂದು ಮೂಲೆಯಲ್ಲಿ ಎಷ್ಟು ಇಳಿದರೂ ಸಿಗುವುದಿಲ್ಲ. ಪ್ರತಿ ಸೈಟಿಗೂ ಬೋರ್ ಹಾಕಿ ನೋಡಲೇಬೇಕು. ಅದಕ್ಕೆ ದುಡ್ಡು ಖರ್ಚು ಮಾಡುವವರು ಇಲ್ಲಿ ಕಮ್ಮಿ.

ಯಾರೂ ಯೋಚಿಸದ ವಿಷಯ ಬೇಸ್‌ಮೆಂಟ್. ಹತ್ತು ಮಹಡಿ ಅಂದರೆ ಪಾರ್ಕಿಂಗ್ ಬೇಕು. ಪಾರ್ಕಿಂಗ್ ಅಂದರೆ ಎರಡು ಅಂತಸ್ತು ನೆಲದ ಕೆಳಗೆ. ಹಳೇ ಪೇಟೆಯಲ್ಲಿ, ಅಕ್ಕಪಕ್ಕ ಕಲ್ಲು ಮಣ್ಣಿನ ಗೋಡೆಗಳು ಇರುವಾಗ, ಇಪ್ಪತ್ತು ಅಡಿ ನೇರ ಕೆಳಗೆ ಅಗೆದರೆ ಅದಕ್ಕಿಂತ ದೊಡ್ಡ ಬರೆ ಇನ್ನೊಂದಿಲ್ಲ. ಮೇಲೆ ಹೋಗಿ ಗುಡ್ಡ ಉಳಿಸುತ್ತೇವೆ ಅಂತ ಹೊರಟು ಕೆಳಗೆ ಅದೇ ಕೆಲಸ ಮಾಡಿದ ಹಾಗೆ.

ಹಾಗಾಗಿ ನನ್ನ ಅಭಿಪ್ರಾಯ: ನೆಲ ಪ್ಲಸ್ ಮೂರು, ಅಂದರೆ ನೆಲಮಹಡಿ, ಅದರ ಮೇಲೆ ಮೂರು ಮಹಡಿ. ಬೇಸ್‌ಮೆಂಟ್ ಇಲ್ಲ. ಪೇಟೆಯ ಒಳಗೆ ಇದನ್ನು ಒತ್ತೊತ್ತಾಗಿ ಮಾಡಿದರೆ ಟವರ್ ಇಲ್ಲದೆಯೂ ಬೇಕಾದಷ್ಟು ಮನೆ ಸಿಗುತ್ತದೆ.

ಕೂಟುಹೊಳೆ

ಮನೆ ಸಿಗುತ್ತದೆ ಸ್ವಾಮಿ, ನೀರು?

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಕೇಂದ್ರದ ಲೆಕ್ಕ. 300 ಮನೆ, ಮನೆಗೆ ನಾಲ್ಕು ಜನ ಅಂದುಕೊಳ್ಳಿ. ದಿನಕ್ಕೆ 1,62,000 ಲೀಟರ್. ನಾಲ್ಕು ಸಾವಿರ ಲೀಟರಿನ ಟ್ಯಾಂಕರ್ ಆದರೆ 40ಕ್ಕೂ ಹೆಚ್ಚು ಲೋಡು. ಏಪ್ರಿಲ್‌ನಲ್ಲಿ ನಲ್ಲಿ ಮುಂದೆ ಬಿಂದಿಗೆ ಇಟ್ಟುಕೊಂಡು ಕಾಯುವವರಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತದೆ.

ಬಂದ ನೀರು ಹೊರಗೂ ಹೋಗಬೇಕು. ಒಳಚರಂಡಿಗೆ ಅಂತ ರಸ್ತೆ ಅಗೆದದ್ದು ನೆನಪಿದೆ ಅಲ್ವಾ? ಪೈಪ್ ಪೂರ್ತಿ ಆಗದೆ ಮೇಲೆ ಮಹಡಿ ಏರಿಸಿದರೆ ಅದೆಲ್ಲ ಇಳಿಯುವುದು ಕೆಳಗಿನ ತೋಡಿಗೇ, ಅಂದರೆ ಹಳ್ಳಕ್ಕೇ.

ಹಲಗೆಬಾಗಿಲು

ನೀವೆಲ್ಲ ಮಣ್ಣು, ನೀರು ಮಾತಾಡುತ್ತಿದ್ದೀರಿ. ನಾನು ಆ ಹೆಂಚಿನ ಕೆಳಗೆ ಕೂತವನು. ನಮ್ಮದು ಬಟ್ಟೆ ಅಂಗಡಿ. ತಾತ ಶುರು ಮಾಡಿದ್ದು. ಮುಂದಿನ ಬಾಗಿಲು ಇನ್ನೂ ಹಲಗೆಯದೇ. ಒಂದೊಂದು ಹಲಗೆಗೂ ಬಿಳಿ ಪೇಂಟಲ್ಲಿ ನಂಬರ್ ಹಾಕಿದೆ. ಬೆಳಗ್ಗೆ ಒಂದರಿಂದ ತೆಗೆಯಬೇಕು, ರಾತ್ರಿ ಕೊನೆಯದರಿಂದ ಜೋಡಿಸಬೇಕು, ಕ್ರಮ ತಪ್ಪಿದರೆ ಕೂರುವುದಿಲ್ಲ. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ. ಆಗ ಮರದ ಕೊಡತಿಯಲ್ಲಿ ಹೊಡೆದು ಕೂರಿಸುತ್ತೇನೆ. ಜಂಬ ಕೊಚ್ಚಿಕೊಳ್ಳುವುದಕ್ಕೆ ಹೇಳುತ್ತಿಲ್ಲ. ಶಟರ್ ಹಾಕಿಸಲು ಮಾಲೀಕರು ಬಿಡುತ್ತಿಲ್ಲ, ಹಾಕಿಸಿದರೆ ನಾವು ಬೇರೂರುತ್ತೇವೆ ಅಂತ ಅವರಿಗೆ ಭಯ.

ತಾತ ಆ ಕಾಲದಲ್ಲಿ ಪಗಡಿ (ಅಂಗಡಿ ಹಿಡಿಯಲು ಒಟ್ಟಿಗೆ ಕೊಡುವ ಮುಂಗಡ ದುಡ್ಡು) ಕೊಟ್ಟಿದ್ದರು. ಕಾಗದ ಇಲ್ಲ. ಬಾಡಿಗೆ ಕೈಯಲ್ಲೇ ಕೊಡುತ್ತಿದ್ದರು. ಪೇಟೆಮನೆಯವರು ಹೇಳುವ ಹಾಗೆ ನಾಳೆ ಹತ್ತು ಮಹಡಿ ಬಂದರೆ ಮಾಲೀಕರಿಗೆ ಬಿಲ್ಡರ್ ಜೊತೆ ಜಂಟಿ ಒಪ್ಪಂದ, ಅರ್ಧಕ್ಕರ್ಧ ಪಾಲು. ನನಗೆ? 'ಎರಡು ವರ್ಷ ಎಲ್ಲಾದರೂ ನೋಡಿಕೊಳ್ಳಿ, ಆಮೇಲೆ ಬನ್ನಿ' ಅನ್ನುತ್ತಾರೆ. ಎರಡು ವರ್ಷ ಬಾಗಿಲು ಹಾಕಿದ ಬಟ್ಟೆ ಅಂಗಡಿಗೆ ಗಿರಾಕಿ ವಾಪಸ್ ಬರುವುದಿಲ್ಲ. ಹೊಸ ಕಟ್ಟಡದಲ್ಲಿ ಚದರ ಅಡಿಗೆ ಹೊಸ ಬಾಡಿಗೆ. ನೆಲಮಹಡಿಯಲ್ಲಿ ಬ್ರ್ಯಾಂಡೆಡ್ ಕಾಫಿ ಅಂಗಡಿ ಬರುತ್ತದೆ, ಕಾಫಿ ಬೆಳೆಯುವ ಊರಲ್ಲಿ ಒಂದು ಲೋಟಕ್ಕೆ ಇನ್ನೂರು ರೂಪಾಯಿ.

ಟೋಕಿಯೊದಲ್ಲಿ ಬಾಡಿಗೆದಾರರನ್ನು ಏನು ಮಾಡಿದರು? ಅದನ್ನು ಬರೆಯಲೇ ಇಲ್ಲ ನೀವು.

ಪೇಟೆಮನೆ

ಒಳ್ಳೆ ಪ್ರಶ್ನೆ ಅಣ್ಣಾ. ಜಪಾನಿನಲ್ಲಿ ಇದಕ್ಕೆ 1969ರದ್ದೇ ಒಂದು ಕಾನೂನು ಇದೆ. ಜಾಗದ ಮಾಲೀಕರು, ನೆಲವನ್ನು ಗುತ್ತಿಗೆ ಪಡೆದವರು ಸೇರಿ ಸಂಘ ಮಾಡಬೇಕು, ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ಹಳೇ ಜಾಗದ ಹಕ್ಕಿಗೆ ಬದಲು ಹೊಸ ಕಟ್ಟಡದಲ್ಲಿ ಅಷ್ಟೇ ಬೆಲೆಯ ಮಹಡಿ ಜಾಗ. ಅಜಬುದೈಯಲ್ಲಿ ಹಕ್ಕುದಾರರು ಸುಮಾರು 300 ಮಂದಿ. ಕೊನೆಗೆ ನೂರಕ್ಕೆ 90ರಷ್ಟು ಜನ ಒಪ್ಪಿದರು. ಆದರೆ ಮೊದಲ ಸಭೆ ಶುರುವಾದದ್ದು 1989ರಲ್ಲಿ. ಬಾಗಿಲು ತೆರೆದದ್ದು 2023ರಲ್ಲಿ. ಅದಕ್ಕೂ ಹಿಂದೆ, ಅಜಬುದೈ ಕಟ್ಟಿದ ಕಂಪನಿಯೇ ಟೋಕಿಯೊದಲ್ಲಿ ಮಾಡಿದ ರೊಪ್ಪೊಂಗಿ ಹಿಲ್ಸ್‌ಗೆ ಸುಮಾರು 400 ಹಕ್ಕುದಾರರು, 17 ವರ್ಷ ಹಿಡಿಯಿತು.

ಬರೆಬದಿ

34 ವರ್ಷ. ನಮ್ಮಲ್ಲಿ ಒಂದು ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆಯ) ಆಸ್ತಿ ಪಾಲಾಗುವುದಕ್ಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಪೇಟೆ ಪಾಲಾಗುವುದನ್ನು ಮೊಮ್ಮಕ್ಕಳು ನೋಡಲಿ.

ಪರೇಲ್ ಕೊಡಗ

ನಾನು ಹುಟ್ಟಿದ್ದು ಸೋಮವಾರಪೇಟೆ ಕಡೆ, ಕೆಲಸ ಮುಂಬೈಯಲ್ಲಿ. ಹಲಗೆಬಾಗಿಲು ಅವರ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನು ದಿನಾ ರೈಲಿಳಿಯುವ ಜಾಗದ ಕಥೆಯೇ ಇದು.

ಪರೇಲ್, ಲೋವರ್ ಪರೇಲ್ ಎಲ್ಲ ಬಟ್ಟೆ ಗಿರಣಿಗಳ ಜಾಗ. 1982ರ ದೊಡ್ಡ ಮುಷ್ಕರ ಆದಮೇಲೆ ಗಿರಣಿಗಳು ಒಂದೊಂದೇ ಮಲಗಿದವು. ಊರಿನ ನಡುವೆ ಸುಮಾರು 600 ಎಕರೆ. 1991ರಲ್ಲಿ ಒಂದು ನಿಯಮ ಬಂತು. ಗಿರಣಿ ಜಾಗದಲ್ಲಿ ಹೊಸದಾಗಿ ಕಟ್ಟುವುದಾದರೆ ಮೂರು ಪಾಲು ಮಾಡಿ. ಒಂದು ಪಾಲು ಪಾರ್ಕು ಮತ್ತು ಬಯಲಿಗೆ, ಒಂದು ಪಾಲು ಸರ್ಕಾರಿ ವಸತಿಗೆ, ಒಂದು ಪಾಲು ಮಾಲೀಕನಿಗೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಟವರೂ ಆಯಿತು, ಬಡವರ ಮನೆಯೂ ಆಯಿತು, ಮಕ್ಕಳಿಗೆ ಆಟದ ಬಯಲೂ ಆಯಿತು.

2001ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಮೂರು ಪಾಲು ಮಾಡುವುದು ಇಡೀ ಗಿರಣಿ ಜಾಗವನ್ನಲ್ಲ, ಅದರಲ್ಲಿ ಕಟ್ಟಡ ಇಲ್ಲದೆ ಖಾಲಿ ಬಿದ್ದಿರುವ ಜಾಗವನ್ನು ಮಾತ್ರ. ಗಿರಣಿ ಅಂದರೆ ಗೋಡೆಯಿಂದ ಗೋಡೆಗೆ ಶೆಡ್ಡು. ಖಾಲಿ ಜಾಗ ಎಲ್ಲಿಂದ ಬರಬೇಕು? ಕೇಸು ಹಾಕಿದರು. 2005ರಲ್ಲಿ ಹೈಕೋರ್ಟು ಜನರ ಕಡೆ ಹೇಳಿತು. 2006ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಈಗ ಅಲ್ಲಿ ಗಾಜಿನ ಟವರ್, ಮಾಲು, ಕೆಳಗೆ ಮಳೆ ಬಂದರೆ ಮೊಣಕಾಲು ನೀರು. ಪಾರ್ಕು ಎಲ್ಲಿದೆ ಅಂತ ಭೂತಗನ್ನಡಿ ಹಿಡಿದು ಹುಡುಕಬೇಕು. ಒಂದೇ ಒಂದು ಸಾಲು ಬದಲಾಯಿಸಿದ್ದಕ್ಕೆ ಇಷ್ಟೆಲ್ಲ ಆಯಿತು.

ಎಲ್ಲವೂ ಹಾಗೇ ಆಗಿಲ್ಲ. ಭೇಂಡಿ ಬಜಾರ್ ಅಂತ ಇದೆ. 16.5 ಎಕರೆ, ಸುಮಾರು 250 ಹಳೇ ಕಟ್ಟಡ, 3,200 ಕುಟುಂಬ, 1,250 ಅಂಗಡಿ. ಬೋಹ್ರಾ ಸಮುದಾಯದ ಟ್ರಸ್ಟ್ 2009ರಲ್ಲಿ ಕೈಹಾಕಿತು. ಹಳೇ ಬಾಡಿಗೆದಾರರಿಗೆ ಕನಿಷ್ಠ 350 ಚದರ ಅಡಿ ಮನೆ, ಸ್ವಂತದ್ದು, ದುಡ್ಡಿಲ್ಲದೆ. ಅಂಗಡಿಗೆ ಅಂಗಡಿ. ಕಟ್ಟುವವರೆಗೆ ಇರುವುದಕ್ಕೆ ಬೇರೆ ಮನೆ. ಆದರೂ ಕಷ್ಟ ತಪ್ಪಲಿಲ್ಲ. 2017ರ ಆಗಸ್ಟ್ 31ರಂದು ಅಲ್ಲೇ ಒಂದು ಹಳೇ ಕಟ್ಟಡ ಕುಸಿದು 33 ಜನ ಸತ್ತರು. ಒಡೆಯುವುದಕ್ಕೆ ಕಾಯುತ್ತಿದ್ದ ಕಟ್ಟಡ ಅದು. ಹಳೇದನ್ನು ಹಾಗೇ ಇಡಬೇಕು ಅನ್ನುವವರು ಇದನ್ನೂ ನೆನಪಲ್ಲಿಡಿ.

ಹಲಗೆಬಾಗಿಲು ಅವರಿಗೆ ಒಂದು ಮಾತು. ಮುಂಬೈಯ ಹಳೇ ಬಾಡಿಗೆದಾರರಿಗೆ ಅಲ್ಲಿನ ಕಾನೂನಿನ ಬಲ ಇದೆ. ಅದನ್ನು ನೋಡಿ ಇಲ್ಲೂ ಹಾಗೇ ಸಿಗುತ್ತದೆ ಅಂದುಕೊಳ್ಳಬೇಡಿ. ಕೈಯಲ್ಲಿ ಬಾಡಿಗೆ ಕೊಡುವುದನ್ನು ಈ ತಿಂಗಳಿಂದಲೇ ನಿಲ್ಲಿಸಿ. ಬ್ಯಾಂಕ್ ಮೂಲಕ ಹಾಕಿ. ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ಲು, ತಾತನ ಹೆಸರಿಗೆ ಬಂದ ಯಾವುದೇ ಹಳೇ ಲಕೋಟೆ, ಎಲ್ಲ ಒಂದು ಫೈಲಿಗೆ ಹಾಕಿ. ಅಂಗಡಿ ವಿಳಾಸ ಇರುವ ಕಾಗದ ಒಂದೂ ಬಿಸಾಡಬೇಡಿ.

ಹಲಗೆಬಾಗಿಲು

ಥ್ಯಾಂಕ್ಸ್ ಅಣ್ಣಾ. ಕರೆಂಟ್ ಬಿಲ್ಲು ಇನ್ನೂ ತಾತನ ಹೆಸರಲ್ಲೇ ಬರುತ್ತದೆ. ಅದು ಬದಲಾಯಿಸಬೇಕು ಅಂತಿದ್ದೆ. ಈಗ ಬೇಡ ಬಿಡಿ.

ಲೈನ್‌ಮನೆ ಹುಡುಗಿ

ಈ ಚರ್ಚೆಯಲ್ಲಿ ಮಾಲೀಕರು ಬಂದರು, ಬಾಡಿಗೆದಾರರು ಬಂದರು. ಎರಡೂ ಅಲ್ಲದವರು?

ನಮ್ಮ ಅಪ್ಪ ಅಮ್ಮ ತೋಟದ ಲೈನ್ ಮನೆಯಲ್ಲಿದ್ದವರು. ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟರೆ ಮನೆ ಬಿಡಬೇಕು. ಈಗ ನಾನು ಪೇಟೆಯಲ್ಲಿ ಕೆಲಸ ಮಾಡುತ್ತೇನೆ. ಟವರ್ ಬಂದರೆ ಅದರ ಮೆಟ್ಟಿಲು ಒರೆಸುವುದಕ್ಕೆ ನಮ್ಮನ್ನೇ ಕರೆಯುತ್ತಾರೆ. ಅವರು ಎಲ್ಲಿ ಮಲಗಬೇಕು ಅನ್ನುವುದು ಪ್ಲಾನಿನಲ್ಲಿ ಇರುತ್ತದಾ?

ದಿಡ್ಡಳ್ಳಿ ಮರೆತುಹೋಯಿತಾ ಎಲ್ಲರಿಗೂ? 2016ರ ಡಿಸೆಂಬರ್‌ನಲ್ಲಿ ಚಳಿಯಲ್ಲಿ ಅಲ್ಲಿನ ಆದಿವಾಸಿಗಳ ಗುಡಿಸಲು ಕೆಡವಿದರು. ಆಮೇಲೆ ಎಷ್ಟು ಹೋರಾಟ ಆಗಿ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಸಿಕ್ಕಿತು. 2018ರಲ್ಲಿ ಮನೆ ಕಳಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಕಟ್ಟಿಕೊಟ್ಟರು. ನಮ್ಮ ಚಿಕ್ಕಮ್ಮನ ಮನೆಯವರಿಗೂ ಹಾಗೆ ಒಂದು ಸಿಕ್ಕಿದೆ. ಮನೆ ಗಟ್ಟಿ ಇದೆ, ಎರಡು ರೂಮು, ಒಳಗೇ ಬಾತ್‌ರೂಮು. ಸುಳ್ಳು ಹೇಳಬಾರದು. ಆದರೆ ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ತೋಟ ದೂರ ಆಯಿತು. ಹಿತ್ತಲಲ್ಲಿ ಎರಡು ಹಸು ಇತ್ತು, ಅದನ್ನು ಕಟ್ಟುವುದಕ್ಕೆ ಅಲ್ಲಿ ಜಾಗ ಇಲ್ಲ, ಮಾರಿದರು. ಹಾಲಿನ ದುಡ್ಡು ನಿಂತಿತು.

ಮನೆ ಬೇರೆ, ಬದುಕುವುದು ಬೇರೆ. ಪೇಟೆಯಲ್ಲೇ ಬಡವರಿಗೂ ಮನೆ ಮಾಡುತ್ತೀರಾದರೆ ನಾನು ಟವರಿನ ಪರ. ಕೆಲಸಕ್ಕೆ ನಡೆದು ಹೋಗಬಹುದು, ಬಸ್ ಚಾರ್ಜ್ ಉಳಿಯುತ್ತದೆ. ಊರಾಚೆಗೆ ಕಳಿಸಿ ಖಾಲಿಯಾದ ಜಾಗದಲ್ಲಿ ಪಾರ್ಕು ಮಾಡುತ್ತೀರಾದರೆ, ಆ ಪಾರ್ಕಲ್ಲಿ ನೀವೇ ಕೂತುಕೊಳ್ಳಿ.

ತೂಕದಗುಂಡು

ಇದು ಸರಿಯಾದ ಮಾತು. ಬೆಂಗಳೂರಿನ ಈಜಿಪುರ ಇದಕ್ಕೇ ಉದಾಹರಣೆ. ಬಡವರ ಕ್ವಾರ್ಟರ್ಸ್ ಇತ್ತು, ಕಟ್ಟಡ ಕುಸಿಯಿತು. ಆ ಜಾಗದ ಅರ್ಧದಲ್ಲಿ ಮನೆ, ಅರ್ಧದಲ್ಲಿ ಮಾಲು ಅಂತ ಖಾಸಗಿಯವರ ಜೊತೆ ಒಪ್ಪಂದ ಆಯಿತು. 2013ರ ಜನವರಿಯಲ್ಲಿ ಅಲ್ಲಿದ್ದವರನ್ನು ಎಬ್ಬಿಸಿದರು. ಎಬ್ಬಿಸುವುದು ಮೊದಲು, ಕಟ್ಟುವುದು ಆಮೇಲೆ ಅಂತ ಆದಾಗ ಇದ್ದವರು ಬೀದಿಗೆ ಬೀಳುತ್ತಾರೆ. ಮೊದಲು ಕಟ್ಟಿ, ಬೀಗದ ಕೈ ಕೊಟ್ಟು, ಆಮೇಲೆ ಹಳೇದನ್ನು ಒಡೆಯಬೇಕು.

ಕಕ್ಕಡ

ಶಿಮ್ಲಾದವರ ಕಥೆ ಯಾರಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ. 2017ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ಎರಡೂವರೆ ಮಹಡಿಗಿಂತ ಜಾಸ್ತಿ ಬೇಡ ಅಂದಿತು. ಆರು ವರ್ಷ ಎಳೆದಾಡಿ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶ ತೆಗೆದುಹಾಕಿ, ಊರಿನ ಅಭಿವೃದ್ಧಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗುಡ್ಡದ ಊರಿನ ಮಹಡಿ ಲೆಕ್ಕವನ್ನು ದೆಹಲಿಯಲ್ಲಿ ಕೂತು ತೀರ್ಮಾನ ಮಾಡುವ ಪರಿಸ್ಥಿತಿ ನಮಗೆ ಬರಬಾರದು ಅಂದರೆ ನಾವೇ ಮೊದಲು ಮಾತಾಡಿಕೊಳ್ಳಬೇಕು. ಈ ಚರ್ಚೆ ಒಳ್ಳೆಯದು.

ಇನ್ನೊಂದು. 2022ರ ಜೂನ್, ಜುಲೈಯಲ್ಲಿ ಚೆಂಬು, ಕರಿಕೆ ಕಡೆ ನೆಲ ನಡುಗಿದ್ದು ಮರೆಯಬೇಡಿ. ಸಣ್ಣದೇ, ತೀವ್ರತೆ ಮೂರರ ಆಸುಪಾಸು. ಆದರೂ ಪಾತ್ರೆ ಅಲ್ಲಾಡಿದಾಗ ಹತ್ತನೇ ಮಹಡಿಯಲ್ಲಿ ಇರುವವರ ಗತಿ ಯೋಚಿಸಿ.

ಮಂಟಪದವ

ದಸರಾದ ದಶಮಿ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ ಹೊರಡುವ ಊರು ಇದು. ರಸ್ತೆ ಅಗಲ ಮಾಡದೆ ಮಹಡಿ ಏರಿಸಿದರೆ ಆ ದಿನ ಜನ ಎಲ್ಲಿ ನಿಲ್ಲುತ್ತಾರೆ? ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಎಲ್ಲಿ ತಿರುಗುತ್ತದೆ? 15 ಮೀಟರ್ ದಾಟಿದರೆ ಅದು ಎತ್ತರದ ಕಟ್ಟಡ ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ನಿಯಮ ಎಲ್ಲ ಬೇರೆ. ಉದ್ದ ಏಣಿಯ ಗಾಡಿಯನ್ನು ಪೇಟೆ ತಿರುವಿನಲ್ಲಿ ತಿರುಗಿಸಿ ತೋರಿಸಲಿ, ಆಮೇಲೆ ಮಾತಾಡೋಣ.

ತೋಡಿನಬದಿ

ಎಲ್ಲರೂ ಪಾರ್ಕನ್ನು ಕೊನೆಗೆ ಇಟ್ಟಿದ್ದೀರಿ. ಉಳಿದ ಜಾಗದಲ್ಲಿ ನಾಲ್ಕು ಬೆಂಚು, ಒಂದು ಕಾರಂಜಿ. ನನ್ನ ಪ್ರಕಾರ ಅದನ್ನೇ ಮೊದಲು ಗುರುತು ಮಾಡಬೇಕು.

ನಮ್ಮ ಊರಲ್ಲಿ ಮಳೆ ಅಂದರೆ ಇಂಚಿನ ಲೆಕ್ಕ. ತೋಟದವರ ಮನೆಯಲ್ಲಿ ಮಳೆ ಬರೆಯುವ ಪುಸ್ತಕ ಇರುತ್ತದೆ. ಬೆಳಗ್ಗೆ ಎದ್ದು ಅಳತೆ ಗಾಜು ನೋಡಿ ಎಷ್ಟು ಇಂಚು, ಎಷ್ಟು ಸೆಂಟು ಅಂತ ಬರೆದು, ಆಮೇಲೆ ಕಾಫಿ ಕುಡಿಯುವ ಜನ ನಾವು. ಅಷ್ಟು ನೀರು ಪೇಟೆಯ ಶೀಟು, ಕಾಂಕ್ರೀಟು, ಟಾರಿನ ಮೇಲೆ ಬಿದ್ದರೆ ಎಲ್ಲಿಗೆ ಹೋಗುತ್ತದೆ? ತೋಡಿಗೆ. ತೋಡು ಎಲ್ಲಿದೆ? ಸ್ಲ್ಯಾಬ್ ಹಾಕಿ ಮುಚ್ಚಿ ಮೇಲೆ ಗಾಡಿ ನಿಲ್ಲಿಸಿದ್ದೇವೆ. ತಗ್ಗಿನ ಗದ್ದೆಗೆ, ಗುಡ್ಡ ಕೊರೆದ ಮಣ್ಣನ್ನೇ ತಂದು ಸುರಿದು ಸೈಟು ಮಾಡಿದ್ದೇವೆ. ಮೇಲೆ ಬರೆ ಸಡಿಲ, ಕೆಳಗೆ ನೀರಿಗೆ ದಾರಿ ಇಲ್ಲ. 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ಬಂದು ನೋಡಿ, ಜೋರು ಮಳೆಯ ಜೊತೆಗೆ ಇಳಿಜಾರನ್ನು ಮನುಷ್ಯ ಕಡಿದದ್ದನ್ನೂ ಕಾರಣ ಅಂದರು.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಚೆಯಾಂಗ್‌ಗೆಚೆಯಾನ್ ಅನ್ನುವ ತೊರೆ ಇತ್ತು. ಮುಚ್ಚಿ ಅದರ ಮೇಲೆ ಫ್ಲೈಓವರ್ ಕಟ್ಟಿದ್ದರು. 2003ರಲ್ಲಿ ಒಡೆಯಲು ಶುರು ಮಾಡಿ 2005ರಲ್ಲಿ 5.8 ಕಿಲೋಮೀಟರ್ ತೊರೆಯನ್ನು ಮತ್ತೆ ಬಿಚ್ಚಿದರು. ಪೇಟೆ ನಡುವೆ ನೀರು, ಬದಿಯಲ್ಲಿ ನಡೆಯುವ ದಾರಿ. ಫೋಟೋ ನೋಡಿದರೆ ಆಸೆ ಆಗುತ್ತದೆ. ಆದರೆ ಆ ನೀರಿನ ಬಹುಪಾಲು ಪಂಪಿನಲ್ಲಿ ತಂದು ಬಿಡುವುದು. ಅಲ್ಲಿದ್ದ ಬೀದಿ ವ್ಯಾಪಾರಿಗಳನ್ನು ಮೊದಲು ಒಂದು ಹಳೇ ಸ್ಟೇಡಿಯಂಗೆ ಕಳಿಸಿದರು, ಆಮೇಲೆ ಅಲ್ಲಿಂದಲೂ ಎಬ್ಬಿಸಿದರು. ನಮಗೆ ಪಂಪು ಬೇಡ, ದೇವರು ಕೊಟ್ಟಷ್ಟು ನೀರಿದೆ. ತೋಡಿನ ಎರಡೂ ಬದಿ ಜಾಗ ಬಿಟ್ಟು ಅದನ್ನೇ ಪಾರ್ಕು ಅನ್ನಿ. ಮಳೆಗಾಲದಲ್ಲಿ ನೀರು ತುಂಬಲಿ, ಬೇಸಿಗೆಯಲ್ಲಿ ಮಕ್ಕಳು ಆಡಲಿ.

ರಾಜಾಸೀಟು ಇದೆಯಲ್ಲ ಅನ್ನಬೇಡಿ. ಶನಿವಾರ ಭಾನುವಾರ ಅಲ್ಲಿ ನಮಗೆ ಕಾಲಿಡಲು ಜಾಗ ಸಿಗುತ್ತದಾ? ಟಿಕೆಟ್ ತಗೊಂಡು ನಮ್ಮೂರ ಪಾರ್ಕಿಗೆ ಹೋಗಬೇಕು. ಇನ್ನೊಂದು ಅಂಥದ್ದು ಮಾಡಿದರೆ ಅದೂ ಪ್ರವಾಸಿಗರ ಪಾಲಾಗುತ್ತದೆ. ಪೇಟೆ ಹಿಂದೆ, ಸಂಜೆ ಅಜ್ಜಿಯರು ನಡೆಯುವ, ಹುಡುಗರು ಚೆಂಡು ಆಡುವ, ಫೋಟೋ ತೆಗೆಯುವುದಕ್ಕೆ ಏನೂ ಇಲ್ಲದ ಪಾರ್ಕು ಬೇಕು.

ಪೇಟೆಮನೆ

ಎಲ್ಲ ಓದಿದೆ. ನನ್ನ ಲೆಕ್ಕ ಈಗ ಹೀಗೆ ನಿಂತಿದೆ.

ಪೇಟೆಯೊಳಗೇ ಮನೆ ಜಾಸ್ತಿ ಆಗಬೇಕು ಅನ್ನುವುದನ್ನು ಬಿಡುವುದಿಲ್ಲ. ಹಾಂಗ್‌ಕಾಂಗ್ ಮಾತು ಕೇಳಿದ ಮೇಲಂತೂ ಇನ್ನೂ ಗಟ್ಟಿಯಾಯಿತು. ಟವರ್ ಹಟ ಇಲ್ಲ, ನೆಲ ಪ್ಲಸ್ ಮೂರೇ ಇರಲಿ. ಕೆಳಗೆ ಹಳೇ ಅಂಗಡಿಗಳೇ, ಹಳೇ ಅಗಲದಲ್ಲೇ. ಮೇಲಿನ ಮನೆಗಳನ್ನು ಹೋಂಸ್ಟೇ ಮಾಡುವ ಹಾಗಿಲ್ಲ ಅಂತ ಕ್ರಯಪತ್ರದಲ್ಲೇ ಬರೆಯಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಮಾಡಿ ಬೆಂಗಳೂರಿನವರ ವೀಕೆಂಡಿಗೆ ರೂಮು ಕಟ್ಟಿಕೊಟ್ಟ ಹಾಗೆ ಆಗುತ್ತದೆ. ಒಂದು ಮಹಡಿಯಾದರೂ ಕಮ್ಮಿ ಬಾಡಿಗೆಗೆ, ನಗರಸಭೆ ಕೈಯಲ್ಲಿ. ಇಡೀ ಬೀದಿ ಒಟ್ಟಿಗೆ ಒಡೆಯುವುದಲ್ಲ, ಐದಾರು ಅಂಗಡಿ ಒಂದು ಗುಂಪು, ಅವರು ಹೊಸದಕ್ಕೆ ಹೋದಮೇಲೆ ಮುಂದಿನ ಗುಂಪು. ತೋಡಿನ ಜಾಗವನ್ನು ಮೊದಲ ದಿನವೇ ನಕ್ಷೆಯಲ್ಲಿ ಗುರುತು ಮಾಡಿ, ಪರೇಲ್‌ನವರು ಹೇಳಿದ ಹಾಗೆ ಆಮೇಲೆ ಯಾರೂ ಒಂದು ಸಾಲು ತಿದ್ದಲು ಆಗದ ಹಾಗೆ ನಗರಸಭೆ ಹೆಸರಿಗೆ ನೋಂದಣಿ ಮಾಡಿಬಿಡಬೇಕು.

ನೀರಿನ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಛಾವಣಿ ನೀರು ಹಿಡಿದರೆ ಸ್ವಲ್ಪ ಆಗಬಹುದು, ಏಪ್ರಿಲ್‌ವರೆಗೆ ಬರುವುದಿಲ್ಲ.

ಬರೆಬದಿ

ನೆಲ ಪ್ಲಸ್ ಮೂರಕ್ಕೆ ನನ್ನದೂ ತಕರಾರಿಲ್ಲ. ಇಷ್ಟು ಬೇಗ ಒಪ್ಪುತ್ತೇನೆ ಅಂದುಕೊಂಡಿರಲಿಲ್ಲ ಅಲ್ವಾ?

ಆದರೆ ಇದೆಲ್ಲ ಆಗುವುದು ಯಾವ ಕಾಲಕ್ಕೋ. ನನ್ನ ಹೆಸರು ತಮಾಷೆಗೆ ಇಟ್ಟುಕೊಂಡದ್ದಲ್ಲ, ನಮ್ಮ ಮನೆ ಹಿಂದೆ ನಿಜಕ್ಕೂ ಬರೆ ಇದೆ. ತಡೆಗೋಡೆ ಕಟ್ಟಿಸಿದ್ದೇವೆ. ತೂಕದಗುಂಡು ಸರ್, ಮಳೆ ಹಿಡಿಯುವ ಮೊದಲು ಏನು ನೋಡಿಕೊಳ್ಳಬೇಕು ಹೇಳಿ.

ತೂಕದಗುಂಡು

ಗೋಡೆಯಲ್ಲಿ ನೀರು ಹೊರಬರಲು ಸಣ್ಣ ಪೈಪುಗಳನ್ನು ಬಿಟ್ಟಿರುತ್ತಾರೆ. ಮೊದಲು ಅದನ್ನು ನೋಡಿ. ಮಣ್ಣು, ಪಾಚಿ, ಇರುವೆ ಗೂಡು ಕಟ್ಟಿ ಮುಚ್ಚಿರುತ್ತದೆ. ಕಬ್ಬಿಣದ ಸಲಾಕೆ ಹಾಕಿ ಬಿಡಿಸಿ. ಹೆಚ್ಚಿನ ಗೋಡೆಗಳು ಬೀಳುವುದು ಹಿಂದೆ ನಿಂತ ನೀರಿನ ಒತ್ತಡಕ್ಕೆ. ಮಳೆ ಬರುವಾಗ ಆ ಪೈಪಲ್ಲಿ ತಿಳಿ ನೀರು ಬಂದರೆ ಒಳ್ಳೆಯದು. ಕೆಂಪಗೆ ಕದಡಿದ ನೀರು ಬಂದರೆ ಹಿಂದೆ ಮಣ್ಣು ಕರಗುತ್ತಿದೆ ಅಂತ ಅರ್ಥ. ಹಿಂದೆ ದಿನಾ ಬರುತ್ತಿದ್ದ ನೀರು ಜೋರು ಮಳೆಯಲ್ಲೂ ಪೂರ್ತಿ ನಿಂತುಹೋದರೆ ಅದು ಇನ್ನೂ ಕೆಟ್ಟದ್ದು.

ಬರೆಯ ನೆತ್ತಿಗೆ ಹತ್ತಿ ನೋಡಿ. ಅಂಚಿಗೆ ಸಮನಾಗಿ ಬಿರುಕು ಇದೆಯಾ? ಇದ್ದರೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲು ಹಾಕಿ, ನೀರು ಒಳಗೆ ಇಳಿಯದ ಹಾಗೆ ಪಕ್ಕಕ್ಕೆ ಚರಂಡಿ ಮಾಡಿ. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ. ಎರಡು ದಿನಕ್ಕೊಮ್ಮೆ ಅಳೆಯಿರಿ. ಜಾಸ್ತಿ ಆಗುತ್ತಾ ಹೋದರೆ ಆ ರಾತ್ರಿ ಹಿಂದಿನ ರೂಮಲ್ಲಿ ಯಾರೂ ಮಲಗಬೇಡಿ, ನೆಂಟರ ಮನೆಗೆ ಹೋಗಿ. ನೆಟ್ಟಗಿದ್ದ ಮರ ಮನೆ ಕಡೆ ವಾಲಿದರೂ ಅಷ್ಟೇ. ಹಿಂದಿನ ಬಾಗಿಲು ಇದ್ದಕ್ಕಿದ್ದ ಹಾಗೆ ಚೌಕಟ್ಟಿಗೆ ಉಜ್ಜಲು ಶುರುವಾದರೂ ಸುಮ್ಮನಿರಬೇಡಿ.

ಗೋಡೆಯ ಮೂರು ಫೋಟೋ ಹಾಕಿ: ಎದುರಿಂದ, ಬದಿಯಿಂದ, ನೆತ್ತಿಯಿಂದ. ಬದಿಯ ಫೋಟೋದಲ್ಲಿ ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಗೋಡೆ ಎಷ್ಟು ಉಬ್ಬಿದೆ ಅಂತ ಇಲ್ಲಿಂದಲೇ ನೋಡಿ ಹೇಳುತ್ತೇನೆ.